ಕೆಟ್ಟ ಯಂತ್ರ, ನಂಬುವ ಕೈ

ಮನೆಯಲ್ಲಿ ಒಂದು ವಸ್ತು ಕೆಟ್ಟಾಗ 'ಇದನ್ನು ಯಾರ ಕೈಗೆ ಕೊಡುವುದು?' ಎಂಬ ಪ್ರಶ್ನೆ ಏಳುವುದು ಇಂದು ನಿನ್ನೆಯ ಸಂಗತಿಯಲ್ಲ. ನೇಗಿಲು, ಗಡಿಯಾರ, ರೇಡಿಯೋ, ಟಿ.ವಿ. ಎಲ್ಲವೂ ತಮ್ಮ ತಮ್ಮ ಕಾಲದಲ್ಲಿ ಈ ಪ್ರಶ್ನೆಯನ್ನು ಎಬ್ಬಿಸಿದವೇ. ಈಗ ಆ ಸರದಿ ಸ್ಮಾರ್ಟ್‌ಫೋನಿನದು. ರಾಜಾಜಿನಗರದಿಂದ ಬಸವೇಶ್ವರನಗರ, ವಿಜಯನಗರಗಳನ್ನು ಹಾದು ಕೆಂಗೇರಿಯವರೆಗೆ ಬೆಂಗಳೂರಿನ ಪಶ್ಚಿಮ ಭಾಗದ ಯಾವ ಮುಖ್ಯರಸ್ತೆಯಲ್ಲಿ ನಡೆದರೂ ಮೊಬೈಲ್ ರಿಪೇರಿ ಅಂಗಡಿಯ ಫಲಕ ಕಣ್ಣಿಗೆ ಬೀಳುತ್ತದೆ. ಅಂಗಡಿಗಳಿಗೆ ಬರವಿಲ್ಲ. ಆದರೂ ಒಡೆದ ಫೋನನ್ನು ಕೈಯಲ್ಲಿ ಹಿಡಿದ ಗಿರಾಕಿ ಹೊಸ್ತಿಲಲ್ಲಿ ಒಂದು ಗಳಿಗೆ ಹಿಂಜರಿಯುತ್ತಾನೆ. ಈ ಹಿಂಜರಿಕೆಗೂ ಒಂದು ಇತಿಹಾಸವಿದೆ.

ಕಣದಲ್ಲಿ ತೀರುತ್ತಿದ್ದ ಲೆಕ್ಕ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಮ್ಮಾರ, ಬಡಗಿ ಮೊದಲಾದ ಕಸುಬುದಾರರು ಆಯಗಾರರ ಸಾಲಿಗೆ ಸೇರಿದವರು. ನೇಗಿಲಿನ ಕುಳ ತಟ್ಟಿಕೊಡುವುದಕ್ಕೆ, ಗಾಡಿಯ ಚಕ್ರ ಸರಿಪಡಿಸುವುದಕ್ಕೆ ಆಗಿಂದಾಗ್ಗೆ ಹಣ ಎಣಿಸುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ರೈತನ ಕಣದಿಂದ ಇಂತಿಷ್ಟು ಧಾನ್ಯ 'ಆಯ'ವಾಗಿ ಅವರಿಗೆ ಸಲ್ಲುತ್ತಿತ್ತು. ಈ ವ್ಯವಸ್ಥೆಯಲ್ಲಿ ಜಾತಿಯ ಕಟ್ಟುಪಾಡು, ಬಡತನ ಎಲ್ಲವೂ ಇದ್ದವು; ಅದನ್ನು ಹೊಗಳಿ ಹಾಡಬೇಕಾಗಿಲ್ಲ. ಆದರೆ ರಿಪೇರಿಯ ದೃಷ್ಟಿಯಿಂದ ಅದರಲ್ಲೊಂದು ಮರ್ಮವಿತ್ತು. ಕುಳ ಎರಡು ಸಲ ಕೆಟ್ಟರೆ ಕಮ್ಮಾರನಿಗೆ ಎರಡು ಸಲ ದುಡಿಮೆಯೇ ಹೊರತು ಎರಡು ಸಲ ಕೂಲಿಯಿಲ್ಲ. ವಸ್ತು ಗಟ್ಟಿಯಾಗಿ ಉಳಿಯುವುದರಲ್ಲಿ ಇಬ್ಬರ ಹಿತವೂ ಇತ್ತು.

ಪಟ್ಟಣದಲ್ಲಿ ಈ ಲೆಕ್ಕ ನಡೆಯಲಿಲ್ಲ. ಇಲ್ಲಿ ಕೆಲಸಕ್ಕೆ ಕಾಸು. ಕೊಡುವವನಿಗೂ ಮಾಡುವವನಿಗೂ ಪರಿಚಯವಿಲ್ಲ. ಆ ಕೊರತೆಯನ್ನು ತುಂಬಿದ್ದು ಕಣ್ಣು. ಬೀದಿಯಲ್ಲಿ ಕೂಗುತ್ತ ಬರುತ್ತಿದ್ದ ಕಲಾಯಿಯವನು ಮನೆಯ ಮುಂದೆಯೇ ಒಲೆ ಹೂಡಿ, ತಿದಿ ಒತ್ತಿ, ಕಾದ ಹಿತ್ತಾಳೆ ಪಾತ್ರೆಗೆ ನವಸಾಗರ ಹಾಕಿ ತವರವನ್ನು ಬಟ್ಟೆಯಿಂದ ಉಜ್ಜಿ ಹರಡುತ್ತಿದ್ದ. ಮನೆಯಾಕೆ ಜಗುಲಿಯಲ್ಲಿ ನಿಂತು ನೋಡುತ್ತಿದ್ದಳು. ಸಾಣೆ ಹಿಡಿಯುವವನದೂ ಕೊಡೆ ರಿಪೇರಿಯವನದೂ ಇದೇ ಕ್ರಮ. ಎದುರಿನಲ್ಲೇ ಬಿಚ್ಚಿ ಎದುರಿನಲ್ಲೇ ಜೋಡಿಸುವುದು ಪಟ್ಟಣದ ರಿಪೇರಿಯ ಮೊದಲ ನಿಯಮವಾಯಿತು.

ಕಾರ್ಖಾನೆಗಳ ನೆರಳಿನಲ್ಲಿ

ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರು ಯಂತ್ರಗಳ ಊರಾಯಿತು. 1948ರಲ್ಲಿ ಟೆಲಿಫೋನ್ ತಯಾರಿಸುವ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಇಲ್ಲಿ ನೆಲೆಯೂರಿದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆ ಆರಂಭವಾಯಿತು. ನಗರದ ಪಶ್ಚಿಮದಲ್ಲಿ ರಾಜಾಜಿನಗರದ ಕೈಗಾರಿಕಾ ಎಸ್ಟೇಟು, ಕಾಮಾಕ್ಷಿಪಾಳ್ಯದ ಸಾಲು ಸಾಲು ಲೇತ್ ಶೆಡ್ಡುಗಳು ಬೆಳೆದವು. ಮೀಟರ್ ಹಿಡಿದು ಅಳೆಯಬಲ್ಲ, ಬೆಸುಗೆ ಹಾಕಬಲ್ಲ, ಅರ್ಧ ಮಿಲಿಮೀಟರಿನ ವ್ಯತ್ಯಾಸವನ್ನು ಬೆರಳಿನಲ್ಲೇ ಗುರುತಿಸಬಲ್ಲ ಕೈಗಳು ಈ ಬಡಾವಣೆಗಳ ಸಣ್ಣ ಸಣ್ಣ ಮನೆಗಳಲ್ಲಿ ವಾಸಕ್ಕೆ ಬಂದವು.

ರೇಡಿಯೋ ಆ ಕೈಗಳಿಗೆ ಒದಗಿದ ದೊಡ್ಡ ಕೆಲಸ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಹುಟ್ಟುಹಾಕಿದ ಬಾನುಲಿ ಕೇಂದ್ರ 1955ರಲ್ಲಿ ಬೆಂಗಳೂರಿಗೆ ಬಂತು. ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಾಗಿದ್ದ, ಅದರ ಶುಲ್ಕವನ್ನು ಅಂಚೆ ಕಚೇರಿಯಲ್ಲಿ ಕಟ್ಟಬೇಕಾಗಿದ್ದ ಕಾಲ ಅದು. ಅಷ್ಟು ದುಬಾರಿಯ ಪೆಟ್ಟಿಗೆ ಕೆಟ್ಟರೆ ಎಸೆಯುವ ಮಾತೇ ಇರಲಿಲ್ಲ. ಅನೇಕ ವಾಲ್ವ್ ರೇಡಿಯೋಗಳ ಪೆಟ್ಟಿಗೆಯ ಒಳಭಾಗದಲ್ಲಿ ವಾಲ್ವುಗಳ ಜೋಡಣೆಯ, ಕೆಲವೊಮ್ಮೆ ಇಡೀ ಸರ್ಕ್ಯೂಟಿನ ನಕ್ಷೆಯನ್ನು ತಯಾರಕರೇ ಅಂಟಿಸಿರುತ್ತಿದ್ದರು. ಯಂತ್ರ ತನ್ನ ಗುಟ್ಟನ್ನು ತಾನೇ ಹೇಳುತ್ತಿತ್ತೆನ್ನಬಹುದು. ಯಾವ ವಾಲ್ವ್ ಹೋಗಿದೆಯೋ ಅದನ್ನು ತೆಗೆದು ಹೊಸದನ್ನು ಸಿಕ್ಕಿಸಿ, ಹಳೆಯದನ್ನು ಗಿರಾಕಿಯ ಕೈಗಿಡುವುದು ಒಳ್ಳೆಯ ಅಂಗಡಿಯ ಲಕ್ಷಣ. ಹಳೆಯ ಭಾಗ ಮರಳಿಸುವುದು ರಿಪೇರಿಯ ಎರಡನೆಯ ನಿಯಮ.

ಮೂರನೆಯದನ್ನು ಕಲಿಸಿದವರು ಗಡಿಯಾರದವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದ ಈ ಕುಶಲಿಗಳಲ್ಲಿ ರಿಪೇರಿ ಮುಗಿದ ಮೇಲೆ ಗಡಿಯಾರದ ಹಿಂಬದಿಯ ಮುಚ್ಚಳದ ಒಳಗೆ ಸೂಜಿಮೊನೆಯಿಂದ ಒಂದು ಗುರುತು ಕೆತ್ತುವ ರೂಢಿ ಲೋಕದಾದ್ಯಂತ ಇತ್ತು. ಮುಂದೆ ಅದನ್ನು ಬಿಚ್ಚಿದವನಿಗೆ ಹಿಂದೆ ಯಾರು ಮುಟ್ಟಿದ್ದರೆಂದು ತಿಳಿಯುತ್ತಿತ್ತು. ತಾನು ಮಾಡಿದ ಕೆಲಸಕ್ಕೆ ತಾನೇ ಹೊಣೆ ಎಂಬ ಸಹಿ ಅದು. ಎಚ್.ಎಂ.ಟಿ. ವಾಚುಗಳ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ. 'ಜನತಾ' ಗಡಿಯಾರಗಳು ಇಂದಿಗೂ ಹಲವರ ಕೈಯಲ್ಲಿ ಓಡುತ್ತಿರುವುದು ಇಂಥ ಕೈಗಳಿಂದಲೇ.

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಆರಂಭವಾದ ಮೇಲೆ ಟಿ.ವಿ. ಮೆಕ್ಯಾನಿಕ್ ಮನೆಬಾಗಿಲಿಗೇ ಬರುವ ಅತಿಥಿಯಾದ. ದೂರವಾಣಿಯ ಕಥೆ ಮಾತ್ರ ಬೇರೆ. ಫೋನು ಇಲಾಖೆಯ ಸ್ವತ್ತು. ಕೆಟ್ಟರೆ 198ಕ್ಕೆ ದೂರು ಕೊಟ್ಟು ಲೈನ್‌ಮನ್ ಬರುವ ದಾರಿ ಕಾಯಬೇಕು. ಅಲ್ಲಿ ನಂಬುವ, ನಂಬದಿರುವ ಆಯ್ಕೆಯೇ ಇರಲಿಲ್ಲ.

ಮುಚ್ಚಿದ ಪೆಟ್ಟಿಗೆ

1995ರ ಜುಲೈ 31ರಂದು ಕಲ್ಕತ್ತೆಯಿಂದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ಸಂಪರ್ಕ ಸಚಿವ ಸುಖರಾಂ ಅವರಿಗೆ ಮಾಡಿದ ಕರೆಯೊಂದಿಗೆ ಭಾರತದಲ್ಲಿ ಮೊಬೈಲ್ ಯುಗ ಆರಂಭವಾಯಿತು. ಬರುವ ಕರೆಗೂ ಹಣ ತೆರಬೇಕಾಗಿದ್ದ ಆ ದುಬಾರಿ ಕಾಲ 2003ರಲ್ಲಿ ಮುಗಿಯಿತು. ಅದೇ ವರ್ಷ ಬಂದ ನೋಕಿಯಾ 1100, ತಲೆಯ ಮೇಲೊಂದು ಟಾರ್ಚ್ ಹೊತ್ತು, ಆಟೋ ಚಾಲಕರಿಂದ ಹೂವಿನವರವರೆಗೆ ಎಲ್ಲರ ಜೇಬು ಸೇರಿತು. ಅದರ ಹಿಂಬದಿಯನ್ನು ಉಗುರಿನಿಂದ ಸರಿಸಬಹುದಿತ್ತು. ಬ್ಯಾಟರಿ ಹೊರಬರುತ್ತಿತ್ತು, ಕೀಪ್ಯಾಡ್, ಸ್ಪೀಕರ್, ಮೈಕ್ ಎಲ್ಲವೂ ಬಿಡಿ ಬಿಡಿ. ಎಸ್.ಪಿ. ರಸ್ತೆಯಿಂದ ಭಾಗಗಳನ್ನು ತಂದು ಬಡಾವಣೆಯ ಹುಡುಗ ಗಿರಾಕಿಯ ಕಣ್ಣೆದುರೇ ಸರಿಮಾಡಿಕೊಡುತ್ತಿದ್ದ. ರೇಡಿಯೋ ಅಂಗಡಿಯ ಮೂರು ನಿಯಮಗಳೂ ಆ ಚಿಕ್ಕ ಮೇಜಿನ ಮೇಲೆ ಮುಂದುವರಿದಿದ್ದವು.

2007ರಲ್ಲಿ ಐಫೋನ್, 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂದ ಮೇಲೆ ಪೆಟ್ಟಿಗೆ ಮುಚ್ಚಿಕೊಳ್ಳತೊಡಗಿತು. ಫೋನು ತೆಳ್ಳಗಾಗಬೇಕು, ನೀರು ಒಳಹೋಗಬಾರದು ಎಂಬ ಕಾರಣಗಳಿಗಾಗಿ ತಿರುಪಿನ ಜಾಗಕ್ಕೆ ಅಂಟು ಬಂತು. ಗಾಜು, ಟಚ್, ಡಿಸ್‌ಪ್ಲೇ ಮೂರೂ ಒಂದಾಗಿ, ಅಂಗಡಿಯವರ ಮಾತಿನಲ್ಲಿ 'ಕಾಂಬೋ' ಆದವು. ಬಿಚ್ಚಲು ಬಿಸಿ ಮಾಡಬೇಕು. ಶಾಖ ತುಸು ಹೆಚ್ಚಾದರೆ ಪರದೆ ಹಾಳು, ಬ್ಯಾಟರಿಗೆ ಮೊನೆ ತಗುಲಿದರೆ ಬೆಂಕಿ. ಇಂಥ ಕೆಲಸವನ್ನು ಗಿರಾಕಿಯ ಎದುರು ಐದು ನಿಮಿಷದಲ್ಲಿ ಮುಗಿಸಲಾಗದು. 'ಬಿಟ್ಟು ಹೋಗಿ, ಸಂಜೆ ಬನ್ನಿ' ಎಂಬ ಮಾತು ಹುಟ್ಟಿದ್ದು ಹೀಗೆ. ಹಾಕಿದ ಪರದೆ ಅಸಲಿಯೋ ನಕಲಿಯೋ ಎಂಬುದನ್ನು ಬರಿಗಣ್ಣಿನಿಂದ ಹೇಳುವುದೂ ಕಷ್ಟವಾಯಿತು.

ಯಂತ್ರ ತನ್ನ ಗುಟ್ಟು ಹೇಳುವುದನ್ನು ನಿಲ್ಲಿಸಿದ್ದಷ್ಟೇ ಅಲ್ಲ, ರಿಪೇರಿಯನ್ನು ತಿರಸ್ಕರಿಸಲೂ ಕಲಿಯಿತು. 2016ರ ಆರಂಭದಲ್ಲಿ ಜಗತ್ತಿನ ಹಲವೆಡೆ, ಹೊರಗಿನ ಅಂಗಡಿಗಳಲ್ಲಿ ಬೆರಳಚ್ಚಿನ ಗುಂಡಿ ಬದಲಿಸಿಕೊಂಡಿದ್ದ ಐಫೋನುಗಳು ತಂತ್ರಾಂಶ ನವೀಕರಿಸಿದೊಡನೆ '53' ಎಂಬ ದೋಷಸಂಖ್ಯೆ ತೋರಿಸಿ ಸ್ತಬ್ಧವಾದವು. ಟೀಕೆ ಎದ್ದ ಮೇಲೆ ಆಪಲ್ ಕ್ಷಮೆ ಕೇಳಿ ಅದನ್ನು ಸರಿಪಡಿಸಿತು. ಈ ಬಗ್ಗೆ ಗ್ರಾಹಕರಿಗೆ ತಪ್ಪು ಮಾಹಿತಿ ನೀಡಿದ್ದಕ್ಕಾಗಿ 2018ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯವೊಂದು ಕಂಪನಿಗೆ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು.

ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ರೇಡಿಯೋ ಒಳಗೆ ಇದ್ದದ್ದು ತಂತಿ, ವಾಲ್ವು. ಸ್ಮಾರ್ಟ್‌ಫೋನಿನೊಳಗೆ ಇರುವುದು ಮನೆತನದ ಫೋಟೋ, ಪತ್ರವ್ಯವಹಾರ, ಆಸ್ಪತ್ರೆಯ ವರದಿ. 2016ರಲ್ಲಿ ಯು.ಪಿ.ಐ. ಬಂದ ಮೇಲೆ ಬ್ಯಾಂಕಿನ ಬಾಗಿಲೂ ಅಲ್ಲಿದೆ. ತರಕಾರಿ ಗಾಡಿಯವರ ದಿನದ ವ್ಯಾಪಾರ ಫೋನಿನಲ್ಲೇ ಜಮೆಯಾಗುವಾಗ ಅದು ಕೆಟ್ಟರೆ ಗಲ್ಲಾಪೆಟ್ಟಿಗೆಗೇ ಬೀಗ ಬಿದ್ದಂತೆ. ಅಂಗಡಿಯಲ್ಲಿ ಬಿಟ್ಟುಹೋಗುವ ಭಯವೂ ಸುಳ್ಳಲ್ಲ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಲ್ಯಾಪ್‌ಟಾಪ್‌ಗಳನ್ನು 16 ರಿಪೇರಿ ಕೇಂದ್ರಗಳಿಗೆ ಕೊಟ್ಟು ನಡೆಸಿದ, 2022ರಲ್ಲಿ ಬೆಳಕಿಗೆ ಬಂದ ಅಧ್ಯಯನದಲ್ಲಿ, 6 ಕಡೆ ಕೆಲಸಗಾರರು ಅಗತ್ಯವಿಲ್ಲದಿದ್ದರೂ ಖಾಸಗಿ ಕಡತಗಳನ್ನು ತೆರೆದು ನೋಡಿದ್ದು ಕಂಡುಬಂತು. 2 ಕಡೆ ಅವನ್ನು ನಕಲು ಮಾಡಿಕೊಂಡಿದ್ದರು.

ಕಾನೂನು ಹಿಡಿದ ದಾರಿ

ಹಾಗಾದರೆ ಕಂಪನಿಯ ಅಧಿಕೃತ ಸೇವಾಕೇಂದ್ರಕ್ಕೇ ಹೋದರೆ ಸಾಲದೆ? ಗ್ಯಾರಂಟಿ ಅವಧಿಯಲ್ಲಿ ಅದೇ ಸರಿಯಾದ ದಾರಿ. ಅಲ್ಲಿ ಅಸಲಿ ಭಾಗ ಸಿಗುತ್ತದೆ. ಅವಧಿ ಮುಗಿದ ಮೇಲೆ ಮಾತ್ರ ಚಿತ್ರ ಬದಲಾಗುತ್ತದೆ. ಒಂದು ಚಿಕ್ಕ ಐಸಿ ಸುಟ್ಟರೂ ಇಡೀ ಬೋರ್ಡನ್ನೇ ಬದಲಿಸುವುದು ಅಲ್ಲಿನ ಸಾಮಾನ್ಯ ಕ್ರಮ. ಬೋರ್ಡಿನೊಂದಿಗೆ ಅದರಲ್ಲಿದ್ದ ಫೋಟೋ, ಮಾಹಿತಿಗಳೂ ಹೋಗುತ್ತವೆ. ಅದೇ ಐಸಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಬದಲಿಸಿ ಎಲ್ಲವನ್ನೂ ಉಳಿಸಿಕೊಡಬಲ್ಲವನು ಬಡಾವಣೆಯ ಅಂಗಡಿಯಲ್ಲಿ ಇರಬಹುದು. ಆದರೆ ಅವನಿಗೆ ಅಸಲಿ ಭಾಗವೂ ಸರ್ಕ್ಯೂಟ್ ನಕ್ಷೆಯೂ ಸುಲಭವಾಗಿ ಸಿಗುವುದಿಲ್ಲ. ನಂಬಿಕೆಯ ಪ್ರಶ್ನೆ ಅಂಗಡಿಯವನ ಗುಣಕ್ಕಷ್ಟೇ ಸಂಬಂಧಿಸಿದ್ದಲ್ಲ. ಅವನಿಗೆ ಏನನ್ನು ಒದಗಿಸಲಾಗಿದೆ, ಏನನ್ನು ತಡೆಹಿಡಿಯಲಾಗಿದೆ ಎಂಬುದಕ್ಕೂ ಸಂಬಂಧಿಸಿದ್ದು.

ಭಾರತದಲ್ಲಿ ಈ ವಾದ ಮೊದಲು ಗಂಭೀರವಾಗಿ ಎದ್ದದ್ದು ಕಾರುಗಳ ವಿಷಯದಲ್ಲಿ. ಬಿಡಿಭಾಗ ಮತ್ತು ತಾಂತ್ರಿಕ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಮುಕ್ತವಾಗಿ ಕೊಡುತ್ತಿಲ್ಲವೆಂದು 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ದಂಡದ ಮೊತ್ತ ಮುಂದೆ ಮೇಲ್ಮನವಿಗೆ ಒಳಗಾದರೂ ತತ್ವವೊಂದು ದಾಖಲಾಯಿತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು ಮತ್ತು ವಾಹನ, ಈ ನಾಲ್ಕು ಕ್ಷೇತ್ರಗಳನ್ನು ಅದಕ್ಕೆ ವಹಿಸಲಾಯಿತು. ಅದೇ ಡಿಸೆಂಬರ್ 24ರ ಗ್ರಾಹಕ ದಿನದಂದು ಇದಕ್ಕಾಗಿ ಜಾಲತಾಣವೂ ಬಂತು. ಯಾವ ಫೋನು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆಂದು ಅಂಕ ನೀಡುವ ಸೂಚ್ಯಂಕದ ಬಗ್ಗೆ ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿತು. ಫ್ರಾನ್ಸಿನಲ್ಲಿ ಇಂಥ ಸೂಚ್ಯಂಕ 2021ರಲ್ಲೇ ಜಾರಿಗೆ ಬಂದಿತ್ತು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಅದರ ಮುಖ್ಯ ಬಿಡಿಭಾಗಗಳನ್ನು ಕಂಪನಿ ಒದಗಿಸಬೇಕು.

ಹಳೆಯ ನಿಯಮ, ಹೊಸ ರೂಪ

ಕಾನೂನು ಬರುವುದು ನಿಧಾನ. ಫೋನು ಕೈಜಾರುವುದು ಕ್ಷಣದ ಕೆಲಸ. ಅಷ್ಟರಲ್ಲಿ ಗಿರಾಕಿಗೆ ನೆರವಾಗುವುದು ಹಳೆಯ ನಿಯಮಗಳೇ. ಎದುರಿನಲ್ಲೇ ಬಿಚ್ಚುವ ಅಂಗಡಿಯಾದರೆ ಒಳ್ಳೆಯದು. ಬಿಟ್ಟುಹೋಗಬೇಕಾದರೆ ಮೊದಲು ಮಾಹಿತಿಯ ಪ್ರತಿ ಉಳಿಸಿಕೊಂಡು, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಬೇಕು. ಪರದೆ, ಬ್ಯಾಟರಿ ಬದಲಿಸಲು ಪಾಸ್‌ವರ್ಡ್ ಬೇಕಾಗಿಲ್ಲ. ಅದನ್ನು ಚೀಟಿಯಲ್ಲಿ ಬರೆದುಕೊಡುವ ಅಭ್ಯಾಸ ಅಪಾಯಕರ. ಖಾಸಗಿ ಮಾಹಿತಿಯನ್ನು ಮರೆಮಾಡಿ ಫೋನನ್ನು ಪರೀಕ್ಷೆಗಷ್ಟೇ ತೆರೆದಿಡುವ ದುರಸ್ತಿ ಸ್ಥಿತಿಯೊಂದನ್ನು 2022ರಿಂದೀಚೆಗೆ ಕೆಲವು ಕಂಪನಿಗಳು ಫೋನಿನಲ್ಲೇ ಒದಗಿಸಿವೆ. ಹಳೆಯ ಪರದೆ, ಹಳೆಯ ಬ್ಯಾಟರಿಯನ್ನು ಕೇಳಿ ನೋಡಬೇಕು.

ಗಡಿಯಾರದ ಮುಚ್ಚಳದೊಳಗಿನ ಸಹಿಯ ಜಾಗದಲ್ಲಿ ಈಗ ರಸೀದಿ ಇದೆ. ಫೋನಿನಲ್ಲಿ ಸ್ಟಾರ್ ಹ್ಯಾಷ್ 06 ಹ್ಯಾಷ್ ಒತ್ತಿದರೆ ಕಾಣುವ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆ, ಹಾಕಿದ ಭಾಗ ಅಸಲಿಯೋ ನಕಲೋ, ಗ್ಯಾರಂಟಿ ಎಷ್ಟು ದಿನ, ಈ ಮೂರೂ ಅದರಲ್ಲಿರಬೇಕು. 'ಇದು ಕಾಪಿ ಡಿಸ್‌ಪ್ಲೇ, ಬಣ್ಣ ಸ್ವಲ್ಪ ಮಂಕಾಗಿರುತ್ತೆ' ಎಂದು ಮೊದಲೇ ಹೇಳಿ ಅದನ್ನೇ ಬರೆದುಕೊಡುವವರು ನಂಬಿಕೆಗೆ ಅರ್ಹರು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗಲೂ ಗ್ರಾಹಕರ ಆಯೋಗದ ಮುಂದೆ ಹೋಗುವಾಗಲೂ ಕೇಳುವುದು ಆ ರಸೀದಿಯನ್ನೇ.

2021ರಲ್ಲಿ ಮೆಟ್ರೋ ಕೆಂಗೇರಿ ತಲುಪಿದ ಮೇಲೆ ಅಲ್ಲಿಯವರಿಗೆ ಮೆಜೆಸ್ಟಿಕ್, ಎಸ್.ಪಿ. ರಸ್ತೆಗಳು ಹತ್ತಿರವಾಗಿವೆ. ಅಂಗಡಿಗಳ ಆಯ್ಕೆ ಹಿಗ್ಗಿದೆ. ಆದರೂ ಅದೇ ಬೀದಿಯಲ್ಲಿ ಹತ್ತಾರು ವರ್ಷ ಬಾಗಿಲು ತೆರೆದಿರಬೇಕಾದ ಅಂಗಡಿಯವರಿಗೆ, ಮರುದಿನವೂ ಅದೇ ಗಿರಾಕಿಯ ಮುಖ ನೋಡಬೇಕೆಂಬ ಅರಿವಿರುತ್ತದೆ. ಆಯಗಾರನ ಕಾಲದಲ್ಲಿ ಕಣ ಮಾಡುತ್ತಿದ್ದ ಕೆಲಸವನ್ನು ಇಂದು ಬಡಾವಣೆಯ ಬೀದಿ ಮಾಡುತ್ತಿದೆ. ಅಂಥ ಅಂಗಡಿಗೆ ಅಸಲಿ ಭಾಗ ಮತ್ತು ನಕ್ಷೆಗಳು ನ್ಯಾಯವಾದ ಬೆಲೆಗೆ ಸಿಗುವಂತಾದ ದಿನ, ಹೊಸ್ತಿಲಲ್ಲಿ ನಿಂತ ಗಿರಾಕಿಯ ಹಿಂಜರಿಕೆಯೂ ಅರ್ಧದಷ್ಟು ಕಡಿಮೆಯಾದೀತು.