ಅಮೆರಿಕದ ಲೇಖಕರ ಸಾಮ್ರಾಜ್ಯಶಾಹಿ ವಿರೋಧ ಮತ್ತು ಬೆಳಗಾವಿ ಗಡಿನಾಡು

ಬೆಳಗಾವಿ ಜಿಲ್ಲೆಯಲ್ಲಿ ನಾಲ್ಕು ತಿಂಗಳ ಅಂತರದಲ್ಲಿ ಎರಡು ಮಹತ್ವದ ಸಭೆಗಳು ಜರುಗಿದವು. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಮಹಾತ್ಮ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅಧ್ಯಕ್ಷತೆಯ ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತು. ಅಧಿವೇಶನದ ಸ್ವಯಂಸೇವಕರ ಹೊಣೆ ಹೊತ್ತಿದ್ದ ಡಾ. ನಾ.ಸು. ಹರ್ಡೀಕರ್ ಹಾಗೂ ಪರಿಷತ್ತಿನ ಅಧ್ಯಕ್ಷರು ಇಬ್ಬರೂ ಅಮೆರಿಕದಲ್ಲಿ ವ್ಯಾಸಂಗ ಮಾಡಿ ಮರಳಿದವರು. ಆ ದೇಶದ ಲೇಖಕರ ಸಾಮ್ರಾಜ್ಯಶಾಹಿ ವಿರೋಧಕ್ಕೂ ಈ ಗಡಿನಾಡಿಗೂ ನಂಟು ಬೆಳೆದುದು ಇವರ ಮೂಲಕ.

ಚಳವಳಿಯ ಹಿನ್ನೆಲೆ

1898ರಲ್ಲಿ ಸ್ಪೇನನ್ನು ಸೋಲಿಸಿದ ಅಮೆರಿಕ 2 ಕೋಟಿ ಡಾಲರ್ ಕೊಟ್ಟು ಫಿಲಿಪ್ಪೀನ್ಸ್ ದ್ವೀಪಗಳನ್ನು ವಶಪಡಿಸಿಕೊಂಡಿತು. ಇದನ್ನು ವಿರೋಧಿಸಿ ಅದೇ ವರ್ಷ ಬಾಸ್ಟನ್‌ನಲ್ಲಿ ಸಾಮ್ರಾಜ್ಯಶಾಹಿ ವಿರೋಧಿ ಸಂಘ ಸ್ಥಾಪನೆಗೊಂಡಿತು. 1896ರಲ್ಲಿ ಭಾರತ ಪ್ರವಾಸ ಮಾಡಿದ್ದ ಮಾರ್ಕ್ ಟ್ವೇನ್ 1901ರಿಂದ 1910ರಲ್ಲಿ ನಿಧನರಾಗುವವರೆಗೆ ಇದರ ಉಪಾಧ್ಯಕ್ಷರಲ್ಲೊಬ್ಬರಾಗಿದ್ದರು. ಕಾದಂಬರಿಕಾರ ವಿಲಿಯಂ ಡೀನ್ ಹೊವೆಲ್ಸ್ ಕೂಡ ಸಂಘದ ಜೊತೆಗಿದ್ದರು.

ಹರ್ಡೀಕರ್ ಮತ್ತು ನ್ಯೂಯಾರ್ಕ್

ವಿಜಯಪುರ ಜಿಲ್ಲೆಯ ತಿಡಗುಂದಿಯಲ್ಲಿ 1889ರಲ್ಲಿ ಜನಿಸಿದ ಹರ್ಡೀಕರ್ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರ ಅಭ್ಯಸಿಸಿದರು. ಲಾಲಾ ಲಜಪತರಾಯ್ 1917ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಥಾಪಿಸಿದ ಹೋಂ ರೂಲ್ ಲೀಗ್‌ನಲ್ಲಿ ಅವರ ಒತ್ತಾಸೆಯಾಗಿ ದುಡಿದರು. ಲೀಗ್‌ನ ‘ಯಂಗ್ ಇಂಡಿಯಾ’ ಮಾಸಪತ್ರಿಕೆ 1918ರಲ್ಲಿ ಆರಂಭವಾಯಿತು. ಅಮೆರಿಕದ ಧರ್ಮಬೋಧಕ, ಲೇಖಕ ಜೆ.ಟಿ. ಸಂಡರ್ಲೆಂಡ್ ಈ ಕಾರ್ಯಕ್ಕೆ ಹೆಗಲು ಕೊಟ್ಟರು. ಅವರ ‘ಇಂಡಿಯಾ ಇನ್ ಬಾಂಡೇಜ್’ ಗ್ರಂಥವನ್ನು ಕಲ್ಕತ್ತೆಯಲ್ಲಿ ಪ್ರಕಟಿಸಿದ ರಾಮಾನಂದ ಚಟರ್ಜಿ ಅವರ ಮೇಲೆ 1929ರಲ್ಲಿ ಬ್ರಿಟಿಷ್ ಸರ್ಕಾರ ಮೊಕದ್ದಮೆ ಹೂಡಿತು. ಭಾರತೀಯ ಕ್ರಾಂತಿಕಾರರಿಗೆ ನೆರವಾದ ಲೇಖಕಿ ಆಗ್ನೆಸ್ ಸ್ಮೆಡ್ಲಿ 1918ರಲ್ಲಿ ನ್ಯೂಯಾರ್ಕ್‌ನಲ್ಲೇ ಬಂಧನಕ್ಕೊಳಗಾದರು.

1921ರಲ್ಲಿ ಸ್ವದೇಶಕ್ಕೆ ಮರಳಿದ ಹರ್ಡೀಕರ್ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು, 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. ರಾಯಬಾಗಕ್ಕೆ ಸಮೀಪದ ಘಟಪ್ರಭಾದಲ್ಲಿರುವ ಕರ್ನಾಟಕ ಆರೋಗ್ಯಧಾಮವೂ ಅವರ ಶ್ರಮದ ಫಲ.

ನಿಪ್ಪಾಣಿಯ ಪ್ರಶ್ನೆ

ಈ ಸೀಮೆಯಲ್ಲಿ ಆಳ್ವಿಕೆ ಒಂದೇ ಬಗೆಯದಾಗಿರಲಿಲ್ಲ. ಚಿಕ್ಕೋಡಿ, ಅಥಣಿ ತಾಲೂಕುಗಳು ಬ್ರಿಟಿಷ್ ಮುಂಬಯಿ ಪ್ರಾಂತಕ್ಕೆ, ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದವು. ಇಂದು ಪ್ರತ್ಯೇಕ ತಾಲೂಕುಗಳಾಗಿರುವ ನಿಪ್ಪಾಣಿ ಮತ್ತು ಕಾಗವಾಡ ಅನುಕ್ರಮವಾಗಿ ಚಿಕ್ಕೋಡಿ, ಅಥಣಿ ತಾಲೂಕುಗಳಿಂದ ಬೇರ್ಪಟ್ಟವು. ಆಳುವವರು ಯಾರೇ ಇರಲಿ, ಅಸ್ಪೃಶ್ಯತೆ ಎಲ್ಲೆಡೆಯೂ ಇತ್ತು. ಕೊಲ್ಲಾಪುರದ ಶಾಹೂ ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಶೇ. 50ರಷ್ಟು ಮೀಸಲಾತಿ ನೀಡಿದ್ದರು.

1913ರಿಂದ 1916ರವರೆಗೆ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಅಂಬೇಡ್ಕರ್, ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸನ್ನು ವಿಮರ್ಶಿಸಿದ ಗ್ರಂಥವನ್ನು 1925ರಲ್ಲಿ ಪ್ರಕಟಿಸಿದರು. ಅದಕ್ಕೆ ಮುನ್ನುಡಿ ಬರೆದವರು ಅಲ್ಲಿನ ಪ್ರಾಧ್ಯಾಪಕ ಎಡ್ವಿನ್ ಸೆಲಿಗ್‌ಮನ್. ಪರಕೀಯರು ತೊಲಗಿದ ಮಾತ್ರಕ್ಕೆ ಅಸ್ಪೃಶ್ಯರಿಗೆ ಸ್ವಾತಂತ್ರ್ಯ ದೊರೆಯುವುದೇ ಎಂಬುದು ಅಂಬೇಡ್ಕರ್ ಅವರ ಜೀವಮಾನದ ಪ್ರಶ್ನೆಯಾಗಿತ್ತು.

ಅಮೆರಿಕದ ಕಪ್ಪು ಲೇಖಕ ಡಬ್ಲ್ಯು.ಇ.ಬಿ. ಡು ಬಾಯ್ಸ್ ಕೂಡ ವಸಾಹತುಗಳ ಶೋಷಣೆಯನ್ನೂ ಸ್ವದೇಶದ ವರ್ಣಭೇದವನ್ನೂ ಬೇರೆ ಬೇರೆಯಾಗಿ ಕಾಣಲಿಲ್ಲ. 1928ರ ಅವರ ‘ಡಾರ್ಕ್ ಪ್ರಿನ್ಸೆಸ್’ ಕಾದಂಬರಿಯ ನಾಯಕಿ ಭಾರತದ ರಾಜಕುಮಾರಿ. 1946ರಲ್ಲಿ ಅಂಬೇಡ್ಕರ್ ಅವರು ಡು ಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಬಗ್ಗೆ ವಿಚಾರಿಸಿದರು. ಡು ಬಾಯ್ಸ್ ಸಹಾನುಭೂತಿಯಿಂದ ಉತ್ತರಿಸಿದರು.

ಬೆಳಗಾವಿಯ ಅಧಿವೇಶನ ಪರಕೀಯ ಪ್ರಭುತ್ವವನ್ನು ಪ್ರಶ್ನಿಸಿದರೆ, ನಿಪ್ಪಾಣಿಯ ಪರಿಷತ್ತು ನಮ್ಮೊಳಗಿನ ಪ್ರಭುತ್ವವನ್ನು ಪ್ರಶ್ನಿಸಿತು. ಇವೆರಡನ್ನೂ ಜೊತೆಗಿಟ್ಟು ಓದಿದಾಗಲೇ ಗಡಿನಾಡಿನ ಸ್ವಾತಂತ್ರ್ಯ ಹೋರಾಟದ ಚರಿತ್ರೆ ಪೂರ್ಣಗೊಳ್ಳುತ್ತದೆ.