ಐಸ್ ಕಾಫಿಯ ಹಿಂದೆ ಒಂದು ಸಾಲದ ಲೆಕ್ಕ

ಸದ್ದು ಬರಬಾರದು ಅಂತ ಫ್ಯಾನ್ ಆಫ್ ಮಾಡಿ ಕೂತಿದೀನಿ. ಪಕ್ಕದಲ್ಲಿ ಒಂದು ಲೋಟ ಐಸ್ ಕಾಫಿ ಇದೆ, ಮನೇಲೇ ಮಾಡಿದ್ದು. ಇದರೊಳಗಿನ ಕಾಫಿಯ ಕಥೆ, ಬಾಬಾ ಬುಡನ್, ಏಳು ಬೀಜ, ಎಲ್ಲ ನಿಮಗೆ ಗೊತ್ತೇ ಇದೆ. ಇವತ್ತು ಐಸಿನ ಕಥೆ.

ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ 1806ರಲ್ಲಿ ಅಲ್ಲಿನ ಕೆರೆಯ ಮಂಜುಗಡ್ಡೆಯನ್ನು ಹಡಗಿಗೆ ಹಾಕಿ ಮಾರ್ಟಿನಿಕ್ ದ್ವೀಪಕ್ಕೆ ಕಳಿಸಿದ. ಊರವರು ನಕ್ಕರು. ನಷ್ಟವೂ ಆಯ್ತು, ಮುಂದೆ ಸಾಲಕ್ಕೆ ಜೈಲಿಗೂ ಹೋಗಿ ಬಂದ. ಆದರೂ ಬಿಡಲಿಲ್ಲ. ಮರದ ಹೊಟ್ಟು ತುಂಬಿ, ಗಡ್ಡೆಗಳನ್ನು ಸಂದಿಲ್ಲದಂತೆ ಜೋಡಿಸಿದರೆ ಐಸ್ ನಿಧಾನ ಕರಗುತ್ತೆ ಅಂತ ಕಲಿತುಕೊಂಡ.

1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಹಡಗು ಸುಮಾರು 180 ಟನ್ ಐಸ್ ಹೊತ್ತು ಬಾಸ್ಟನ್ನಿನಿಂದ ಕಲ್ಕತ್ತಾಕ್ಕೆ ಹೊರಟಿತು. ನಾಲ್ಕು ತಿಂಗಳ ದಾರಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಬೇಕು. ಸೆಪ್ಟೆಂಬರಿನಲ್ಲಿ ತಲುಪಿದಾಗ ಸುಮಾರು 100 ಟನ್ ಉಳಿದಿತ್ತು! ಸರ್ಕಾರ ಸುಂಕವನ್ನೂ ಮಾಫಿ ಮಾಡಿತು. ಬಿ.ಕಾಂ. ಓದಿದ ನನಗೆ ಇದೇ ಖುಷಿ ಕೊಡೋ ವಿಷಯ: ಸ್ಟಾಕಿನ ಅರ್ಧದ ಹತ್ತಿರ ನೀರಾಗಿ ಹೋದರೂ ವ್ಯಾಪಾರ ನಿಂತಿತು.

ಆದರೆ ಆ ಹೊತ್ತಿಗೆ ಟ್ಯೂಡರ್ ಇನ್ನೊಂದು ಕಡೆ ಕೈ ಸುಟ್ಟುಕೊಳ್ತಾ ಇದ್ದ. ಯಾವುದರಲ್ಲಿ ಅಂತೀರಾ? ಕಾಫಿಯಲ್ಲಿ! ಬೆಲೆ ಏರುತ್ತೆ ಅಂತ ಸಟ್ಟಾ ಕಟ್ಟಿದ, ಬೆಲೆ ಬಿತ್ತು, ಎರಡು ಲಕ್ಷ ಡಾಲರಿಗೂ ಮೀರಿದ ಸಾಲ ತಲೆ ಮೇಲೆ ಬಂತು. ಅದನ್ನು ತೀರಿಸೋಕೆ ವರ್ಷಗಟ್ಟಲೆ ಹಿಡೀತು, ತೀರಿಸಿದ್ದರಲ್ಲಿ ಕಲ್ಕತ್ತಾದ ಐಸ್ ದುಡ್ಡಿನ ಪಾಲು ದೊಡ್ಡದು. ಕಾಫಿ ಮಾಡಿದ ಸಾಲವನ್ನು ಐಸ್ ತೀರಿಸಿತು.

ಈ ಲೆಕ್ಕದಲ್ಲಿ ಸೋತವರೂ ಇದ್ದಾರೆ. ಹೂಗ್ಲಿ ಕಡೆ ಚಳಿಗಾಲದ ರಾತ್ರಿ, ಹುಲ್ಲಿನ ಮೇಲೆ ಮಣ್ಣಿನ ತಟ್ಟೆ ಸಾಲಾಗಿಟ್ಟು, ನೀರು ಹುಯ್ದು, ಬೆಳಗಾಗೋ ಮುಂಚೆ ತೆಳ್ಳನೆ ಐಸ್ ಕೆರೆದು ತೆಗೆಯೋ ಜನ ಇದ್ದರು. ಗಾಜಿನಂಥ ಅಮೆರಿಕದ ಗಡ್ಡೆಯ ಮುಂದೆ ಅವರ ಕೆಸರು ಐಸ್ ಯಾರಿಗೆ ಬೇಕು? ಅವರ ಹೆಸರು ಯಾವ ಕಟ್ಟಡದ ಮೇಲೂ ಇಲ್ಲ. ಟ್ಯೂಡರ್ ಐಸ್ ಇಟ್ಟಿದ್ದ ಮದ್ರಾಸಿನ ಕಟ್ಟಡ ಮಾತ್ರ ಮರೀನಾ ಎದುರು ಇನ್ನೂ ನಿಂತಿದೆ. ಐಸ್ ಹೌಸ್ ಅಂತಾರೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರು. ಅಷ್ಟರಲ್ಲಾಗಲೇ ಇಲ್ಲೇ ಯಂತ್ರದ ಐಸ್ ಶುರುವಾಗಿ, ಅಮೆರಿಕದ ಹಡಗುಗಳೂ ನಿಂತಿದ್ದವು.

ಮನೆಯ ಐಸ್ ಬಂದಿದ್ದು ಬಹಳ ತಡವಾಗಿ. ಗೋದ್ರೇಜ್ ಇಲ್ಲಿ ಫ್ರಿಡ್ಜ್ ಮಾಡಿದ್ದು 1958ರಲ್ಲಿ. ನಮ್ಮ ಅಜ್ಜಿ ಮನೆಗೆ ಬಂದಿದ್ದು ಅದಕ್ಕೂ ಎಷ್ಟೋ ವರ್ಷಗಳ ಮೇಲೆ. ಅದರಲ್ಲೂ ಐಸ್ ಟ್ರೇ ಖಾಲಿ, ಮೊಸರು ತುಂಬಿರೋದು.

ಈಗ ಮಾಡೋ ವಿಧಾನ. ಫಿಲ್ಟರಿನಲ್ಲಿ ಗಟ್ಟಿ ಮೊದಲ ಡಿಕಾಕ್ಷನ್ ಇಳಿಸಿ, ಬಿಸಿ ಇರುವಾಗಲೇ ಸಕ್ಕರೆ ಹಾಕಿ, ತಣ್ಣಗಾದ ಮೇಲೆ ಬೇಗ ಕರಗಲ್ಲ. ಅರ್ಧ ಡಿಕಾಕ್ಷನ್ನನ್ನೇ ಐಸ್ ಟ್ರೇಗೆ ಹುಯ್ಯಿರಿ. ಗಡ್ಡೆ ಕರಗಿದರೂ ಕಾಫಿ ನೀರಾಗಲ್ಲ. ಮೇಲೆ ತಣ್ಣನೆ ಹಾಲು, ಅಷ್ಟೇ.

ಹೋದ ವಾರ ಅಜ್ಜಿಗೆ ಕೊಟ್ಟೆ. ‘ಆರಿದ ಕಾಫಿ ಬಂದವರಿಗೆ ಕೊಡ್ತಾರೇನೋ?’ ಅಂದ್ರು. ಆಮೇಲೆ ಕುಡಿದು ನೋಡಿ, ‘ಇದು ಕಾಫಿ ಅಲ್ಲ ಕಣೋ, ಪಾನಕ’ ಅಂದ್ರು. ಲೋಟ ಮಾತ್ರ ಖಾಲಿಯಾಗಿತ್ತು.