ಮಾನವರಲ್ಲಿ ಹಕ್ಕಿಜ್ವರ: ಹರಡುವಿಕೆಯ ನಕ್ಷೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಹಕ್ಕಿಜ್ವರವು (ಕೋಳಿ ಶೀತಜ್ವರ) ಇನ್‌ಫ್ಲುಯೆಂಜಾ 'ಎ' ವರ್ಗದ ವೈರಾಣುಗಳಿಂದ ಪಕ್ಷಿಗಳಿಗೆ ತಗಲುವ ರೋಗವಾಗಿರುತ್ತದೆ. ಇವುಗಳ ಪೈಕಿ ಎಚ್5ಎನ್1 ಮಾದರಿಯು ವಿರಳವಾಗಿ ಮನುಷ್ಯರಿಗೂ ತಗಲುತ್ತದೆ. ಮಾನವ ಪ್ರಕರಣಗಳನ್ನು ಗುರುತಿಸಿರುವ ನಕ್ಷೆಯನ್ನು ಅರ್ಥೈಸಿಕೊಳ್ಳಲು ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

ಎಚ್5ಎನ್1 ಮನುಷ್ಯರಲ್ಲಿ ಮೊದಲು ಪತ್ತೆಯಾದುದು 1997ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಅಲ್ಲಿ 18 ಜನರಿಗೆ ಸೋಂಕು ತಗಲಿ 6 ಜನರು ಮೃತಪಟ್ಟರು. 2003ರಿಂದ 2024ರವರೆಗೆ 24 ದೇಶಗಳಲ್ಲಿ 950ಕ್ಕೂ ಹೆಚ್ಚು ಪ್ರಕರಣಗಳು ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾಗಿದ್ದು, ಸುಮಾರು ಅರ್ಧದಷ್ಟು ರೋಗಿಗಳು ಮೃತಪಟ್ಟಿರುತ್ತಾರೆ. ಈಜಿಪ್ಟ್, ಇಂಡೋನೇಷ್ಯಾ ಮತ್ತು ವಿಯೆಟ್ನಾಂ ದೇಶಗಳಲ್ಲಿ ಹೆಚ್ಚು ಪ್ರಕರಣಗಳು ದಾಖಲಾಗಿವೆ. 2024ರಲ್ಲಿ ಅಮೆರಿಕದಲ್ಲಿ ಹಾಲು ಕರೆಯುವ ಹಸುಗಳಿಂದಲೂ ಕೆಲಸಗಾರರಿಗೆ ಸೋಂಕು ತಗಲಿತು.

ಭಾರತದಲ್ಲಿ ಕೋಳಿಗಳಲ್ಲಿ ಈ ರೋಗವು 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ದೃಢಪಟ್ಟಿತು. ದೇಶದ ಮೊದಲ ಮಾನವ ಮರಣವು 2021ರ ಜುಲೈನಲ್ಲಿ ದೆಹಲಿಯಲ್ಲಿ ವರದಿಯಾಯಿತು.

ನಕ್ಷೆಯನ್ನು ಓದುವ ಕ್ರಮ

1. ನಕ್ಷೆಯಲ್ಲಿನ ಪ್ರತಿ ಗುರುತು ಪ್ರಯೋಗಾಲಯದಲ್ಲಿ ದೃಢಪಟ್ಟ ಪ್ರಕರಣವನ್ನು ಮಾತ್ರ ಸೂಚಿಸುತ್ತದೆ. ಪರೀಕ್ಷೆಗೆ ಒಳಪಡದ ರೋಗಿಯು ನಕ್ಷೆಯಲ್ಲಿ ಕಾಣುವುದಿಲ್ಲ. ಆದುದರಿಂದ ಗುರುತಿಲ್ಲದ ಪ್ರದೇಶವು ಸೋಂಕುರಹಿತವೆಂದು ಭಾವಿಸತಕ್ಕದ್ದಲ್ಲ.

2. ಸೋಂಕು ತಗಲಿದ ಸ್ಥಳ ಮತ್ತು ಪತ್ತೆಯಾದ ಸ್ಥಳ ಬೇರೆಯಾಗಿರಬಹುದು. 2024ರಲ್ಲಿ ಕೋಲ್ಕತ್ತಾಕ್ಕೆ ಬಂದು ಹಿಂತಿರುಗಿದ ಮಗುವೊಂದರಲ್ಲಿ ಎಚ್5ಎನ್1 ಪತ್ತೆಯಾಗಿ, ಅದು ಆಸ್ಟ್ರೇಲಿಯಾದ ಮೊದಲ ಪ್ರಕರಣವೆಂದು ದಾಖಲಾಯಿತು.

3. ಈ ರೋಗವು ಮನುಷ್ಯರಿಂದ ಮನುಷ್ಯರಿಗೆ ನಿರಂತರವಾಗಿ ಹರಡಿದ ನಿದರ್ಶನವಿಲ್ಲ. ಬಹುತೇಕ ರೋಗಿಗಳು ಸೋಂಕಿತ ಪಕ್ಷಿ, ಪ್ರಾಣಿಗಳ ಸಂಪರ್ಕಕ್ಕೆ ಬಂದವರು. ಆದ್ದರಿಂದ ಪಕ್ಷಿಗಳಲ್ಲಿನ ರೋಗದ ನಕ್ಷೆಯನ್ನೂ ಜೊತೆಯಲ್ಲಿ ನೋಡತಕ್ಕದ್ದು. ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿ ಹಾಗೂ 2025ರಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಕೋಳಿ ಮುಂತಾದ ಸಾಕುಪಕ್ಷಿಗಳಲ್ಲಿ ರೋಗವು ದೃಢಪಟ್ಟಿತ್ತು.

ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು

• ಕೋಳಿ ಅಥವಾ ಕಾಡುಪಕ್ಷಿಗಳು ಗುಂಪಾಗಿ ಸತ್ತಲ್ಲಿ ಬರಿಗೈಯಿಂದ ಮುಟ್ಟದೆ, ಹತ್ತಿರದ ಪಶು ಆಸ್ಪತ್ರೆಗೆ ಕೂಡಲೇ ತಿಳಿಸುವುದು.

• ಸತ್ತ ಅಥವಾ ರೋಗಪೀಡಿತ ಪಕ್ಷಿಗಳ ಸಂಪರ್ಕಕ್ಕೆ ಬಂದ ನಂತರ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಅಥವಾ ಕಣ್ಣು ಕೆಂಪಾಗುವಿಕೆ ಕಂಡುಬಂದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಸಂಪರ್ಕದ ವಿಷಯವನ್ನು ವೈದ್ಯರಿಗೆ ತಪ್ಪದೇ ತಿಳಿಸುವುದು. ಇದನ್ನು ತಿಳಿಸದಿದ್ದಲ್ಲಿ ಸಾಮಾನ್ಯ ಜ್ವರವೆಂದು ಪರಿಗಣಿಸಿ ಪರೀಕ್ಷೆಯೇ ನಡೆಯದಿರುವ ಸಂಭವವಿರುತ್ತದೆ.

• ಕೋಳಿಮಾಂಸ ಮತ್ತು ಮೊಟ್ಟೆಯನ್ನು ಒಳಭಾಗವೂ ಪೂರ್ಣವಾಗಿ ಬೇಯುವಂತೆ (ಕನಿಷ್ಠ 70 ಡಿಗ್ರಿ ಸೆಲ್ಸಿಯಸ್) ಬೇಯಿಸಿ, ಹಾಲನ್ನು ಕಾಯಿಸಿ ಸೇವಿಸುವುದು.

ಸಾರ್ವಜನಿಕರು ಸಕಾಲದಲ್ಲಿ ನೀಡುವ ಮಾಹಿತಿಯಿಂದಲೇ ಪರೀಕ್ಷೆ ಮತ್ತು ಚಿಕಿತ್ಸೆ ಬೇಗನೆ ಆರಂಭವಾಗಲು ಸಾಧ್ಯವಾಗುತ್ತದೆ.